ಅಡುಗೆಮನೆಯ ಕೆಳಗಿನ ಬಾವಿ

ಪಕ್ಕದ ಮನೆಯ ಅಡುಗೆಮನೆ ಮುಚ್ಚಿದ ಬಾವಿಯ ಮೇಲೆ ನಿಂತಿತ್ತು. ಅದು ನನಗೆ ಗೊತ್ತಿತ್ತು. ಆ ಮನೆಯನ್ನು ಕೊಳ್ಳಲು ಬಂದ ಒಂದು ಕುಟುಂಬಕ್ಕೆ ಹೇಳಿದೆ, ಇನ್ನೊಂದು ಕುಟುಂಬಕ್ಕೆ ಹೇಳಲಿಲ್ಲ. ಮರೆತೆ ಎನ್ನುವಂತಿಲ್ಲ, ಯಾರೋ ಬಾಯಿ ಕಟ್ಟಿದರು ಎನ್ನುವಂತಿಲ್ಲ — ಇಬ್ಬರನ್ನೂ ಚೆನ್ನಾಗಿ ನೋಡಿ, ಅಳೆದು, ತೂಗಿಯೇ ಹಾಗೆ ಮಾಡಿದೆ. ಅದನ್ನೇ ಬರೆಯುತ್ತೇನೆ.

ನಾನು ರತ್ನ. ಹುಣಸೂರಿನ ಒಂದು ಒಳಬೀದಿಯಲ್ಲಿ ಬ್ಲೌಸು, ಚೂಡಿದಾರ ಹೊಲಿದುಕೊಂಡು ಬಂದವಳು. ಹೊಲಿಗೆ ಮಿಷನ್ನು ಬೀದಿ ಕಡೆಯ ಕಿಟಕಿಗೆ ಅಂಟಿಕೊಂಡೇ ಇದೆ. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕೂತರು, ಹೋಗುವಾಗ ಮುಖ ಹೇಗಿತ್ತು — ಎಲ್ಲವೂ ನನಗೆ ಬೇಕು. "ನಮ್ ಬೀದಿಗೆ ಕ್ಯಾಮ್ರಾ ಯಾಕಮ್ಮಿ, ನೀನಿದ್ದೀಯಲ್ಲ," ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು. ಮನುಷ್ಯರನ್ನು ಕಂಡ ಕೂಡಲೇ ಅಳತೆ ತೆಗೆಯುವ ಚಟ ನನಗೆ ಹೊಲಿಗೆಯಿಂದ ಬಂದದ್ದಲ್ಲ, ಮೊದಲಿನಿಂದಲೂ ಇತ್ತು.

ಪಕ್ಕದ ಮನೆ ಕೃಷ್ಣಪ್ಪನವರದ್ದು. ಹಿತ್ತಲಿನಲ್ಲಿ ಕಲ್ಲು ಕಟ್ಟಿದ ಬಾವಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಮನೆಗೂ ಅದೇ ನೀರು. ಅತ್ತೆಯೂ ನಾನೂ ಸೇದಿ ತರುತ್ತಿದ್ದೆವು. ಆಮೇಲೆ ನಲ್ಲಿ ಬಂತು, ಬೋರ್‌ವೆಲ್ ಬಂತು, ಬಾವಿ ಕಸ ಎಸೆಯುವ ಗುಂಡಿಯಾಯಿತು. ಕೃಷ್ಣಪ್ಪನವರಿಗೆ ಹಳ್ಳಿಯಲ್ಲಿ ಹೊಗೆಸೊಪ್ಪಿನ ಬೇಸಾಯ. ಎಲೆ ಮುರಿದ ಮೇಲೆ ಹೊಲದಲ್ಲಿ ಉಳಿಯುವ ಕಡ್ಡಿಯನ್ನು ದನ ಮೂಸಿಯೂ ನೋಡುವುದಿಲ್ಲ. ಅದನ್ನು ಟ್ರ್ಯಾಕ್ಟರಿನಲ್ಲಿ ತಂದು ಬಾವಿಗೆ ಸುರಿಸಿದರು. ಜೊತೆಗೆ ಸೊಪ್ಪನ್ನು ಬಿಸಿಗೆ ಹದಮಾಡುವ ಹಳೆಯ ಬ್ಯಾರನ್ ಮನೆ ಕೆಡವಿದ ಇಟ್ಟಿಗೆ ಚೂರು, ಬೂದಿ. ಮೇಲೆ ಒಂದು ಪದರ ಮಣ್ಣು. ಗೋಡೆಯ ಈಚೆ ನಿಂತು ನಾನೇ ಕೇಳಿದ್ದೆ, "ಕಡ್ಡಿ ಕೊಳೆತ್ರೆ ಕುಸಿಯಾಕಿಲ್ವಾ ಅಣ್ಣ?"

"ನೀರ್ ಬುಟ್ಟು ತುಳುದ್ರೆ ಕೂತ್ಕತದೆ, ಬುಡವ್ವ," ಎಂದರು.

ಅದರ ಮೇಲೆಯೇ ಅಡುಗೆಮನೆ ಬಂತು, ಗ್ರಾನೈಟ್ ಕಟ್ಟೆ ಬಂತು, ಮುಖ ಕಾಣುವಂಥ ಟೈಲ್ಸ್ ಬಂತು. ಕೆಲವು ವರ್ಷ ಇದ್ದು ಅವರು ಮೈಸೂರು ಸೇರಿದರು. ಮನೆ ಮಾರಾಟಕ್ಕೆ ಬಂತು.

ಮನೆ ಕೊಳ್ಳುವವರು ಪತ್ರ ನೋಡುತ್ತಾರೆ. ಕ್ರಯಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ, ಮನೆಯ ಮೇಲೆ ಸಾಲವಿದೆಯೇ ಎಂದು ತಿಳಿಸುವ ಇಸಿ. ಇವೆಲ್ಲ ನೋಡಲೇಬೇಕು, ಬೇಡ ಎನ್ನುವುದಿಲ್ಲ. ಆದರೆ ಪತ್ರದಲ್ಲಿ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಬರೆಯುತ್ತಾರೆಯೇ ಹೊರತು ಕೆಳಗೆ ಏನಿದೆ ಎಂದು ಬರೆಯುವುದಿಲ್ಲ. ಸಾಲ ಕೊಡುವವರ ಕಡೆಯಿಂದ ಬಂದವರು ಗೋಡೆ ತಟ್ಟಿ, ಫೋಟೋ ಹಿಡಿದುಕೊಂಡು ಹೋಗುತ್ತಾರೆ. ಕೆಳಗಿನ ಸಂಗತಿ ಗೊತ್ತಿರುವುದು ಪಕ್ಕದ ಮನೆಯವರಿಗೆ. ಅದಕ್ಕೇ ನಮ್ಮ ಬೀದಿಗೆ ಮನೆ ನೋಡಲು ಬಂದ ಹೆಂಗಸರು ಪಕ್ಕದ ಮನೆಯ ಬಾಗಿಲಿಗೆ ಬಂದು ನೀರು ಕೇಳುತ್ತಾರೆ. ಬಾಯಾರಿ ಅಲ್ಲ. ಕುಡಿಯುತ್ತಾ ನಾಲ್ಕು ಮಾತಾಡಿ, ಮನೆಯ ಗುಣ ತಿಳಿದುಕೊಂಡು ಹೋಗುವುದಕ್ಕೆ. ನೀರು ಕೊಟ್ಟ ಕೈಯವರು ಸುಳ್ಳು ಹೇಳುವುದಿಲ್ಲ ಎಂದು ಅವರ ನಂಬಿಕೆ.

ಮೊದಲು ನೀರು ಕೇಳಿದವಳು ಜಯ. ಆಸ್ಪತ್ರೆಯಲ್ಲಿ ನರ್ಸ್, ಗಂಡ ಶಾಲೆಯ ಮೇಷ್ಟ್ರು. ಮಾತು, ನಡೆ ಎಲ್ಲ ಅಚ್ಚುಕಟ್ಟು. ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದೆ, "ಯಾವ್ ಕಡೆಯವ್ರಾಯ್ತವ್ವ?" ಅದು ಊರಿನ ಹೆಸರು ತಿಳಿಯುವ ಪ್ರಶ್ನೆಯಲ್ಲ. ಕೇಳುವವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು.

"ವೀರನಹೊಸಹಳ್ಳಿ ಹತ್ರ ಅಕ್ಕ. ಹಾಡಿಯವ್ರು ನಾವು," ಎಂದಳು, ಯಾವ ಅಳುಕೂ ಇಲ್ಲದೆ.

ಕಾಡಂಚಿನ ಹಾಡಿಯ ಬುಡಕಟ್ಟಿನವರು ನಮ್ಮ ಗೋಡೆಗೆ ಗೋಡೆ ಅಂಟಿಸಿಕೊಂಡು — ಆ ಯೋಚನೆಯನ್ನು ಆಗ ಹೇಗೆ ಪೂರ್ತಿ ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಒಳಗೆ ಹೋದವಳು ಕೈಗೆ ತೆಗೆದುಕೊಂಡಿದ್ದ ಸ್ಟೀಲ್ ಲೋಟವನ್ನು ತಿರುಗಿ ಇಟ್ಟು, ಪೇಪರ್ ಲೋಟದಲ್ಲಿ ನೀರು ತಂದೆ. ಮುಖದ ತುಂಬ ಕಾಳಜಿ ತಂದುಕೊಂಡು, ದನಿ ತಗ್ಗಿಸಿ ಹೇಳಿದೆ: "ಯಾರ್ಗೂ ಯೋಳ್ಬ್ಯಾಡ ಕಣವ್ವ. ಅಡುಗೆಮನೆ ಕೆಳಗೆ ಬಾವಿ ಅದೆ. ಕಡ್ಡಿ ತುಂಬಿ ಮುಚ್ಚವ್ರೆ. ಇವತ್ತಲ್ಲ ನಾಳೆ ಕುಸೀತದೆ."

ಗಂಡ ಹೆಂಡತಿ ಇಬ್ಬರೂ ಮುಂಗಡ ಕೊಡುವುದಕ್ಕೆಂದೇ ಅಂದು ಬಂದಿದ್ದರಂತೆ. ನನ್ನ ಕೈ ಹಿಡಿದುಕೊಂಡು, "ದೇವ್ರಂಗೆ ಯೋಳುದ್ರಿ ಅಕ್ಕ," ಎಂದಳು. ಅವಳು ಕೈ ಹಿಡಿದದ್ದೂ ನನಗೆ ಕಸಿವಿಸಿಯಾಗಿತ್ತು. ಅವರು ಹೋದ ಮೇಲೆ ನೆಮ್ಮದಿಯಾಗಿ ಮಿಷನ್ ಮುಂದೆ ಕೂತೆ. ಒಂದೇ ಒಂದು ಸುಳ್ಳು ಹೇಳದೆ ಕೆಲಸ ಮುಗಿಸಿದ್ದೆ!

ಆಮೇಲೆ ಸುಮಿತ್ರ ಬಂದಳು. ಕಟ್ಟೆಮಳಲವಾಡಿ ಕಡೆಯವಳು, ಗಂಡ ಮಹೇಶನದು ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಅದೇ ಪ್ರಶ್ನೆ ಕೇಳಿದೆ, ಬೇರೆ ಉತ್ತರ ಬಂತು. ನನ್ನ ತವರಿನವರ ನೆಂಟರಿಗೆ ನೆಂಟರು, ನಮ್ಮವರೇ. ಸ್ಟೀಲ್ ಲೋಟವೇನು, ಒಳಗೆ ಕರೆದು ಕೂರಿಸಿ ಮಜ್ಜಿಗೆ ಮಾಡಿಕೊಟ್ಟೆ. ನಗುಮುಖದ ಹುಡುಗಿ. ಗೋಡೆಯಾಚೆಯಿಂದ ಕೈ ಚಾಚಿ ಸಾರು ಬದಲಾಯಿಸಿಕೊಳ್ಳಬಹುದಾದಂಥ ನೆರೆಯವಳು ಸಿಕ್ಕಳು ಎಂದು ಮನಸ್ಸು ಹಿಗ್ಗಿತು. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು, "ಮನೆ ಗಟ್ಟಿಯಾಗದಾ ಅಕ್ಕ? ಇರೋದ್ನೆಲ್ಲ ಇದ್ಕೇ ಆಕ್ತಾ ಇದೀವಿ."

ಗಟ್ಟಿ. ಗೋಡೆಗೂ ಗಟ್ಟಿ ಎನ್ನುತ್ತೇವೆ, ಪತ್ರಕ್ಕೂ ಗಟ್ಟಿ ಎನ್ನುತ್ತೇವೆ, ಮನುಷ್ಯರಿಗೂ ಅದನ್ನೇ ಎನ್ನುತ್ತೇವೆ. ನಾನು ಆ ಮಾತಿನೊಳಗೆ ನುಸುಳಿಕೊಂಡೆ.

"ಗಟ್ಟಿ ಮನೆ ಕಣವ್ವ. ಕಣ್ಮುಚ್ಕಂಡು ತಗಳಿ."

ಗೋಡೆ ಗಟ್ಟಿಯಾಗಿಯೇ ಇತ್ತು, ಪತ್ರವೂ ಗಟ್ಟಿಯಾಗಿತ್ತು, ನೆಲದ ಬಗ್ಗೆ ಅವಳು ಕೇಳಲಿಲ್ಲವಲ್ಲ ಎಂದುಕೊಂಡೆ. ಇಷ್ಟು ವರ್ಷ ನಿಂತದ್ದು ಇನ್ನು ಮುಂದೆ ಬೀಳುತ್ತದೆಯೇ ಎಂದುಕೊಂಡೆ. ಜಯಳಿಗೆ ಹೇಳುವಾಗ ಇವತ್ತಲ್ಲ ನಾಳೆ ಕುಸಿಯಬೇಕಾಗಿದ್ದ ನೆಲ ಸುಮಿತ್ರಳಿಗೆ ಹೇಳುವಾಗ ಗಟ್ಟಿಯಾಗಿಬಿಟ್ಟಿತ್ತು. ಒಂದೇ ನೆಲ, ಒಂದೇ ಬಾಯಿ.

ಗೃಹಪ್ರವೇಶದಲ್ಲಿ ಹಾಲು ಉಕ್ಕಿಸುವಾಗ ಸುಮಿತ್ರಳ ಪಕ್ಕದಲ್ಲಿ ನಾನೇ ನಿಂತಿದ್ದೆ. ಕಾಲಿನಡಿ ತಣ್ಣಗಿನ ಟೈಲ್ಸ್. ಅದರ ಕೆಳಗಿನದು ನೆನಪಾಗಿ ಒಂದು ಹೆಜ್ಜೆ ಹಿಂದೆ ಸರಿದೆ. ಅಲ್ಲಿಂದಾಚೆಗೆ ಅವಳ ಅಡುಗೆಮನೆಗೆ ನಾನು ಕಾಲಿಡಲಿಲ್ಲ. ನಡುಮನೆಯಲ್ಲೇ ಕೂರುತ್ತಿದ್ದೆ. "ಒಳ್ಗೇ ಬನ್ನಿ ಅಕ್ಕ, ಮಾತಾಡ್ತಾ ಅಡ್ಗೆ ಮಾಡ್ತೀನಿ," ಎಂದು ಅವಳು ಕರೆದರೆ ಮಂಡಿನೋವಿನ ನೆಪ ಹೇಳುತ್ತಿದ್ದೆ. ಅವಳು ಅಲ್ಲಿ ನಿಂತು ಮಾಡಿದ ಸಾರನ್ನು ಮಾತ್ರ ಬಟ್ಟಲು ತುಂಬ ತಂದು ಉಣ್ಣುತ್ತಿದ್ದೆ. ಎಂಥ ಹೆಂಗಸು ನಾನು!

ಹೇಳುವುದಕ್ಕೆ ಇನ್ನೊಂದು ಅವಕಾಶವೂ ಸಿಕ್ಕಿತ್ತು. ಒಂದು ದಿನ ಸುಮಿತ್ರ ಬಂದು, "ಅಕ್ಕ, ಅಡುಗೆಮನೆ ಮೂಲೇಲಿ ಟೈಲ್ಸ್ ಬುಟ್ಕಂಡದೆ. ನೀರ್ ಚೆಲ್ಲುದ್ರೆ ಎಲ್ಲಾ ಅದೇ ಕಡೀಕೆ ಓಯ್ತದೆ," ಎಂದಳು. ಮನೆ ಕೊಳ್ಳುವವರು ಒಂದು ಚೊಂಬು ನೀರು ಚೆಲ್ಲಿ ನೋಡಿದರೆ ಸಾಕು, ನೆಲ ಎತ್ತ ಇಳಿಯುತ್ತಿದೆ ಎಂದು ನೀರೇ ತೋರಿಸುತ್ತದೆ. ಅವಳಿಗೆ ಅದು ತೋರಿಸುತ್ತಿತ್ತು, ಓದಲು ಬರಲಿಲ್ಲ. ನನಗೆ ಬರುತ್ತಿತ್ತು. ಆದರೆ ಈಗ ಬಾವಿಯ ವಿಷಯ ಎತ್ತಿದರೆ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಮಾತು ಬರುತ್ತದಲ್ಲ —

"ಅಳೇ ಟೈಲ್ಸ್ ಅಲ್ವಾ, ಸಿಮೆಂಟ್ ಆಕ್ಸು," ಎಂದೆ.

ಅವಳು ಹಾಕಿಸಿದಳು. ಅಂದು ಒಬ್ಬ ಇಂಜಿನಿಯರನ್ನು ಕರೆಸಿ ತೋರಿಸು ಎಂದಿದ್ದರೆ, ಆ ಕೋಣೆಯಲ್ಲಿ ಒಲೆ ಹಚ್ಚಬೇಡ ಎಂದಿದ್ದರೆ — ಅಷ್ಟು ಸಾಕಿತ್ತು. ಬಿರುಕು ಮುಚ್ಚಿದ ಸಿಮೆಂಟು ನನ್ನ ಬಾಯಿಯನ್ನೂ ಮುಚ್ಚಿತು.

ಆ ಮಳೆಗಾಲದಲ್ಲಿ ವಾರವಿಡೀ ಮಳೆ ಹಿಡಿದುಕೊಂಡಿತ್ತು. ಬೆಳಿಗ್ಗೆ ಮಿಷನ್ನಿಗೆ ದಾರ ಪೋಣಿಸುತ್ತಿದ್ದೆ. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು, ಆಮೇಲೆ ಪಾತ್ರೆಗಳ ಸದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು — ಅದರಲ್ಲೇ ನನಗೆ ಎಲ್ಲವೂ ತಿಳಿದುಹೋಯಿತು. ಚಪ್ಪಲಿಯಿಲ್ಲದೆ ಓಡಿದೆ.

ಅಡುಗೆಮನೆಯ ಅರ್ಧ ನೆಲ ಇರಲಿಲ್ಲ. ಗ್ರಾನೈಟ್ ಕಟ್ಟೆ ಓರೆಯಾಗಿ ಗುಂಡಿಯೊಳಕ್ಕೆ ಮುಖ ಮಾಡಿತ್ತು. ಸುಮಿತ್ರ ಸೊಂಟದವರೆಗೆ ಕೆಳಗಿದ್ದಳು. ಎರಡು ಕೈಯಲ್ಲೂ ಬಾಗಿಲಿನ ಹೊಸ್ತಿಲನ್ನು ಅವುಚಿ ಹಿಡಿದಿದ್ದಳು. ಕಾಲು ಕಲ್ಲಿನಡಿ ಸಿಕ್ಕಿಕೊಂಡಿತ್ತು. ಗುಂಡಿಯಿಂದ ಕೊಳೆತ ಹೊಗೆಸೊಪ್ಪಿನ ಕಡ್ಡಿಯ ವಾಸನೆ ಗಪ್ಪೆಂದು ಮೇಲಕ್ಕೆ ಬಂತು. ಸುಮಿತ್ರಳ ಮಗಳು ಆಗಷ್ಟೇ ಅದೇ ಜಾಗದಲ್ಲಿ ನಿಂತು ಟಿಫನ್ ಡಬ್ಬಿ ಹಾಕಿಸಿಕೊಂಡು ಸ್ಕೂಲಿಗೆ ಹೋಗಿದ್ದಳೆಂದು ಆಮೇಲೆ ಗೊತ್ತಾಯಿತು. ನಾನು ಹೊಸ್ತಿಲ ಈಚೆ ಕಾಲು ಚಾಚಿ ಕೂತು, ಗೋಡೆಗೆ ಕಾಲು ಕೊಟ್ಟು, ಅವಳ ರಟ್ಟೆ ಹಿಡಿದುಕೊಂಡೆ. ಬೀದಿಯ ಗಂಡಸರು ಬಂದು ಕಲ್ಲು ಸರಿಸಿ ಎತ್ತುವವರೆಗೂ ಬಿಡಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ನೀವಿಲ್ದಿದ್ರೆ ನನ್ ಗತಿ ಏನಿತ್ತಕ್ಕ," ಎಂದಳು.

ಆ ಮಾತನ್ನು ಕೇಳಿಸಿಕೊಂಡೂ ನಾನು ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಕಾಲಿಗೆ ಪಟ್ಟಿ ಕಟ್ಟಲು ಬಂದ ನರ್ಸ್ ಜಯ. ನನ್ನನ್ನು ಕಂಡವಳೇ ಗುರುತು ಹಿಡಿದು ನಕ್ಕಳು. ಎಲ್ಲಿ ಬಿದ್ದದ್ದು, ಯಾವ ಬೀದಿ ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ಸುಮಿತ್ರ ಹೇಳಿದಳು. ಜಯಳ ಕೈ ಪಟ್ಟಿಯ ಮೇಲೆಯೇ ನಿಂತಿತು.

"ಆ ಬಾವಿ ಮುಚ್ಚಿದ್ ಮನೆನಾ? ನಾವೇ ತಗಳೋರಿದ್ವಿ ಕಣಮ್ಮ. ಅಡ್ವಾನ್ಸ್ ಕೊಡಕ್ಕೆ ಬಂದಿದ್ವಿ. ಈ ಅಕ್ಕ ನಮ್ ಕೈ ಹಿಡ್ದು ಯೋಳುದ್ರು, ಅದ್ಕೆ ಬುಟ್ವಿ. ಇವರ್ನ ದಿನಾ ನೆನಸ್ಕತೀವಿ ನಾವು."

ಕೈ ಹಿಡಿದವಳು ಅವಳು. ಅವಳ ನೆನಪಿನಲ್ಲಿ ಅದು ನನ್ನ ಕೈಯಾಗಿತ್ತು.

ಸುಮಿತ್ರ ತಲೆ ತಿರುಗಿಸಿ ನನ್ನನ್ನು ನೋಡಿದಳು. ಕೋಪವಿರಲಿಲ್ಲ. ಏನೂ ಅರ್ಥವಾಗದವಳ ಮುಖ. "ಅವ್ರಿಗ್ ಯೋಳುದ್ರಾ ಅಕ್ಕ? ನಮ್ಗ್ಯಾಕ್ ಯೋಳ್ನಿಲ್ಲ?"

ಏನು ಹೇಳಲಿ? ಉತ್ತರ ಒಂದೇ ಇತ್ತು, ಅದನ್ನು ಒಬ್ಬಳ ಮುಂದೆ ಹೇಳಿದರೆ ಇನ್ನೊಬ್ಬಳಿಗೂ ಕೇಳಿಸುತ್ತಿತ್ತು. ಜಯ ನನ್ನನ್ನೊಮ್ಮೆ, ಸುಮಿತ್ರಳನ್ನೊಮ್ಮೆ ನೋಡಿದಳು. ಅವಳ ಮುಖದ ನಗು ನಿಧಾನವಾಗಿ ಇಳಿಯಿತು. ಪಟ್ಟಿಯನ್ನು ಮತ್ತೆ ಸುತ್ತತೊಡಗಿದಳು, ತಲೆಯೆತ್ತದೆ ಹೇಳಿದಳು:

"ಸ್ವಲ್ಪ ಆಚೆ ಇರಿ."

ಅಕ್ಕ ಎನ್ನಲಿಲ್ಲ. ರೋಗಿಯ ಜೊತೆ ಬಂದವರಿಗೆಲ್ಲ ನರ್ಸುಗಳು ಹೇಳುವ ಮಾತೇ ಇರಬಹುದು. ನಾನು ಆಚೆ ಹೋಗಿ ಬೆಂಚಿನ ಮೇಲೆ ಕೂತೆ. ಕಾಲಿಗೆ ಅಂಟಿದ್ದ ಆ ಗುಂಡಿಯ ಮಣ್ಣು ಒಣಗುವವರೆಗೂ ಕೂತೇ ಇದ್ದೆ.

ಸುಮಿತ್ರಳ ಸಂಸಾರ ಈಗ ಬಾಡಿಗೆ ಮನೆಯಲ್ಲಿದೆ. ವಾಸಕ್ಕಿಲ್ಲದ ಮನೆಗೆ ಸಾಲದ ಕಂತು, ವಾಸದ ಮನೆಗೆ ಬಾಡಿಗೆ. ಸಾಮಾನು ಒಯ್ಯಲು ಅವಳು ಕೋಲೂರಿಕೊಂಡು ಬಂದ ದಿನ ನಾನೇ ಹೋಗಿ ಹೇಳಿದೆ. "ನೀವು ಬರ್ಲಿ ಅನ್ನುಸ್ತು ಕಣವ್ವ. ಅವ್ರು ಬ್ಯಾಡ ಅನ್ನುಸ್ತು."

"ನಮ್ ಮ್ಯಾಲಿನ್ ಪ್ರೀತಿಗೆ ಇಂಗ್ ಮಾಡುದ್ರಾ ಅಕ್ಕ?" ಎಂದಳು. ಅವಳು ಬೀಗ ಹಾಕಿಕೊಂಡು ಹೋದಳು.

ಮಹೇಶ ಕೃಷ್ಣಪ್ಪನವರ ಮೇಲೆ ಕೇಸು ಹಾಕಿದ್ದಾನೆ. ಬಾವಿ ತಮ್ಮ ಕಾಲಕ್ಕೂ ಮೊದಲೇ ಮುಚ್ಚಿತ್ತು, ತಮಗೂ ಗೊತ್ತಿರಲಿಲ್ಲ ಎನ್ನುತ್ತಿದ್ದಾರಂತೆ ಅವರು. ಟ್ರ್ಯಾಕ್ಟರಿನಲ್ಲಿ ಕಡ್ಡಿ ಬಂದದ್ದನ್ನು ನೋಡಿದವಳು ನಾನು, ಸಾಕ್ಷಿ ಹೇಳುತ್ತೇನೆ ಎಂದಿದ್ದೇನೆ. ಹಾಗಾದರೆ ಇವರು ಕೊಳ್ಳುವಾಗ ನಿಮಗೆ ಗೊತ್ತಿತ್ತೇ ಎಂದು ವಕೀಲರು ಕೇಳುತ್ತಾರೆ. ಗೊತ್ತಿತ್ತು ಎನ್ನುತ್ತೇನೆ. ಯಾಕೆ ಹೇಳಲಿಲ್ಲ ಎಂದರೆ ಅದನ್ನೂ ಹೇಳುತ್ತೇನೆ, ನಮ್ಮವರೆಲ್ಲ ಕೂತಿರುವ ಕಡೆಯೇ.

ಮನೆ ಕೊಳ್ಳುವವರಿಗೆ ನನ್ನಂಥವಳಿಂದ ಬುದ್ಧಿಮಾತು ಬೇಡ ಎನಿಸಬಹುದು. ಆದರೂ ಕೇಳಿ: ಪಕ್ಕದ ಮನೆಯವರನ್ನು ಕೇಳಿ, ಆದರೆ ಒಂದೇ ಮನೆಯವರನ್ನು ಕೇಳಿ ನಿಲ್ಲಿಸಬೇಡಿ. ಮೊದಲು ನೀರು ಎಲ್ಲಿಂದ ತರುತ್ತಿದ್ದಿರಿ ಎಂದು ವಯಸ್ಸಾದವರನ್ನು ಕೇಳಿ. ನಿಮಗಿಂತ ಮೊದಲು ಬಂದು ನೋಡಿದವರು ಯಾಕೆ ಬಿಟ್ಟರು ಎಂದು ಹುಡುಕಿಕೊಂಡು ಹೋಗಿ ಕೇಳಿ. ಸುಮಿತ್ರ ಜಯಳನ್ನು ಕೇಳಿದ್ದರೆ ಸಾಕಿತ್ತು.

ಜಯಳ ಮನೆ ಈಗ ಊರಾಚೆಯ ಬಡಾವಣೆಯಲ್ಲಿದೆ. ಗೇಟಿನವರೆಗೂ ಹೋಗಿ ಹಿಂದಿರುಗಿದ್ದೇನೆ. ಅವಳಿಗೆ ಈಗಾಗಲೇ ಅರ್ಥವಾಗಿರಬಹುದು. ಹಾಗೆಂದು ನಾನು ಹೇಳದೆ ಉಳಿದರೆ ಅದೂ ಇನ್ನೊಂದು ಮುಚ್ಚುವ ಕೆಲಸವೇ. ಈ ಸಲ ಗೇಟು ತೆಗೆದು ಒಳಗೆ ಹೋಗುತ್ತೇನೆ. ಅವಳು ನಿಲ್ಲಿಸಿದ ಕಡೆಯೇ ನಿಂತು, ಹೇಳುವುದನ್ನು ಹೇಳಿ ಬರುತ್ತೇನೆ: ನಿಮ್ಮುನ್ನ ಉಳಿಸಕ್ಕೆ ಯೋಳ್ನಿಲ್ಲ ಕಣವ್ವ, ಓಡಿಸಕ್ಕೆ ಯೋಳ್ದೆ.