ಹೊರಬೀಡಿನ ದಿನ ಒಳಗೆ ಉಳಿದವನು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಒಂದು ಕಾಲಕ್ಕೆ ನಾನು ತೋಳೇರಿಸಿ ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ನಿಲ್ಲುವುದಿಲ್ಲ. ನಂಬಿಕೆ ಬಂದುಬಿಟ್ಟಿದೆ ಎಂದು ತಿಳಿಯಬೇಡಿ, ಬಾಯಿ ಏಳುವುದಿಲ್ಲ, ಅಷ್ಟೆ. ಯಾಕೆ ಏಳುವುದಿಲ್ಲ ಎಂಬುದನ್ನು ಹೆಂಡತಿಗೂ ಹೇಳಿದವನಲ್ಲ. ಇವತ್ತು ನಿಮಗೆ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನಲ್ಲಿ ಹುಟ್ಟಿ ಬೆಳೆದ ನನಗೆ ದೇವದುರ್ಗ ತಾಲೂಕಿನ ಒಂದು ಹಳ್ಳಿಗೆ ಮಾಸ್ತರಿಕೆ ಸಿಕ್ಕಿತು. ಅರಕೇರಾದಿಂದ ಸ್ವಲ್ಪ ದೂರ, ಊರಿನ ಹೆಸರು ಬೇಡ. ದಿನ್ನಿಯ ಮೇಲೆ ಕೂತ ಊರು. ಮೂಡಣಕ್ಕೆ ಕಪ್ಪು ಮಣ್ಣಿನ ಎರಿ ಹೊಲ, ಪಡುವಣಕ್ಕೆ ಕಲ್ಲು ತುಂಬಿದ ಕೆಂಪು ಮಸಾರಿ ನೆಲ, ಸುತ್ತ ಬಳಸಿಕೊಂಡು ಒಂದು ಹಳ್ಳ. ಊರ ನಡುವೆ ಹಳೆಯ ಕಾವಲು ಕೊತ್ತಳ, ಅದಕ್ಕೆ ಅಲ್ಲಿಯವರು ಹುಡೇವು ಅನ್ನುತ್ತಾರೆ. ಹೊಸ ಹುರುಪಿನವನು ನಾನು, ಈ ಊರಿನ ಇತಿಹಾಸ ಬರೆದೇ ತೀರುತ್ತೇನೆಂದು ಹೊರಟೆ. ಹುಡೇವಿನ ಹಿಂದೆ ಅರ್ಧ ಹೂತ ಒಂದು ಅಕ್ಷರದ ಕಲ್ಲಿತ್ತು. ಅದರ ಬುಡದ ಮಣ್ಣು ಕೆದರಲು ಕೂತರೆ ಸಾಕು, ಜನ ಸುತ್ತುಗಟ್ಟುತ್ತಿದ್ದರು. ಕಲ್ಲಿನ ಹತ್ತಿರ ಕೂತವರೆಲ್ಲ ಅವರ ಲೆಕ್ಕದಲ್ಲಿ ನಿಧಿಗಳ್ಳರು.

ನಾನು ಬಾಡಿಗೆಗಿದ್ದದ್ದು ಶೇಂಗಾ ವ್ಯಾಪಾರದ ಹುಸೇನಸಾಬರ ಮನೆಯ ಮುಂದಿನ ಕೋಣೆಯಲ್ಲಿ. ನನ್ನ ಕೋಣೆಗೂ ಅವರ ಒಳಮನೆಗೂ ನಡುವೆ ಒಂದು ಬಾಗಿಲು. ಅದಕ್ಕೆ ಅವರ ಕಡೆಯಿಂದ ಅಗಳಿ, ಕೆಳಗೆ ಬೆಕ್ಕು ಓಡಾಡಲು ಬಿಟ್ಟ ಒಂದು ಕಿಂಡಿ. ಬಾಗಿಲ ಆಚೆಗೇ ಹುಸೇನಸಾಬರ ತಾಯಿ ಮಾಬವ್ವನ ಹಾಸಿಗೆ. ಮನೆಯಲ್ಲಿ ಅವರ ಮಾತು ದಖನಿ, ಆದರೆ ನನ್ನ ಜೊತೆ ಮುದುಕಿ ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದಳು. "ಉಣ್ಣೂದು ಬಿಟ್ಟು ಏನ ಓದತೀಯಪಾ ಮಾಸ್ತರಾ, ಹಾಳಿ ತಿಂದ್ರ ಹೊಟ್ಟಿ ತುಂಬತದೇನು?" ಎಂದು ಆ ಕಿಂಡಿಯಿಂದಲೇ ರೊಟ್ಟಿಯ ತಾಟು ದಬ್ಬುತ್ತಿದ್ದಳು. ಆ ವರ್ಷ ಅವಳಿಗೆ ದಮ್ಮು ಹೆಚ್ಚಾಗಿ ಎದ್ದು ಕೂಡುವುದೂ ಕಷ್ಟವಾಗಿತ್ತು.

ಮಳೆ ತಡವಾದ ಆ ಜೂನ್‌ನಲ್ಲಿ ಹಿರಿಯರು ಹೊರಬೀಡು ಗೊತ್ತು ಮಾಡಿದರು. ಅಂದರೆ ಬೆಳಿಗ್ಗೆ ಇಡೀ ಊರು ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗಬೇಕು, ಅಲ್ಲೇ ಅಡುಗೆ, ಅಲ್ಲೇ ಊಟ, ಸಂಜೆ ದೀಪದ ಹೊತ್ತಿಗೆ ವಾಪಸು. ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲ. ದನ, ಕೋಳಿ, ನಾಯಿ, ಬಾಣಂತಿ, ಯಾವುದೂ ಒಳಗೆ ಉಳಿಯುವಂತಿಲ್ಲ. ಹಿಂದೆ ಯಾವಾಗಲೋ ದೊಡ್ಡ ಬ್ಯಾನಿ, ಅಂದರೆ ಸಾಂಕ್ರಾಮಿಕ ರೋಗ, ಬಂದಾಗ ಊರಿಗೆ ಊರೇ ಓಡಿಹೋಯಿತಂತೆ, ನಡೆಯಲಾಗದವರನ್ನು ಒಳಗೇ ಬಿಟ್ಟು. ತಿರುಗಿ ಬಂದಾಗ ಅವರಲ್ಲಿ ಯಾರೂ ಉಳಿದಿರಲಿಲ್ಲವಂತೆ. ಅಂದಿನಿಂದ ಯಾರನ್ನೂ ಒಳಗೆ ಬಿಡಬಾರದೆಂಬ ಕಟ್ಟು. ನಾನು ಇದನ್ನು ಬರೆದುಕೊಂಡು ಕೆಳಗೆ 'ಮೂಢನಂಬಿಕೆ' ಎಂದು ಸೇರಿಸಿದ್ದೆ.

ಹಿಂದಿನ ಸಂಜೆ ಮಾಬವ್ವ ಮಗನಿಗೆ ಅಂಗಲಾಚಿದಳು. "ನನಗ ಗಾಡಿ ಕುಲುಕಾಟ ತಡಿಯಾಕ ಆಗಂಗಿಲ್ಲಪಾ. ಒಳಗ ಬಿಟ್ಟು ಹೋಗ್ರಿ, ಒಂದು ದಿನ ಸುಮ್ಮನ ಮಲಗತೀನಿ."

ಹುಸೇನಸಾಬರು ನನ್ನ ಮುಖ ನೋಡಿ, "ಏನ ಮಾಡ್ಲಿರಿ ಮಾಸ್ತರ್ರ, ನೋಡೂಣು" ಎಂದರು. ಆ 'ನೋಡೂಣು' ಎಂಬ ಮಾತನ್ನು ನೀವು ನೆನಪಿನಲ್ಲಿಡಬೇಕು.

ನನ್ನ ತಲೆಯಲ್ಲಿದ್ದದ್ದು ಆ ಕಲ್ಲು ಒಂದೇ. ರಾಯಚೂರಿಗೆ ಹೋಗುತ್ತೇನೆಂದು ಎಲ್ಲರಿಗೂ ಕೇಳುವಂತೆ ಹೇಳಿ, ಗಾಡಿಗಳನ್ನು ಕಟ್ಟುವ ಮೊದಲೇ ಬೆಳಗಿನ ಬಸ್ಸು ಹತ್ತಿದೆ. ಅರಕೇರಾದಲ್ಲಿ ಇಳಿದು, ಹಳ್ಳದ ದಾರಿ ಹಿಡಿದು ತಿರುಗಿ ಬಂದೆ. ಊರ ಅಗಸಿ ಬಾಗಿಲಿಗೆ ಮುಳ್ಳು ಬಡಿದಿದ್ದರು. ಪಕ್ಕದ ಬಿದ್ದ ಗೋಡೆ ಹಾರಿ ಒಳಗೆ ಹೋದೆ.

ಜನವಿಲ್ಲದ ಊರನ್ನು ಹಗಲಲ್ಲಿ ನೋಡಬಾರದು. ಎಲ್ಲ ಬಾಗಿಲಿಗೂ ಬೇವಿನ ತೊಪ್ಪಲು, ಎಲ್ಲಿಯೂ ಒಂದು ಹೊಗೆಯಿಲ್ಲ, ಒಂದು ಕಾಗೆಯ ಕೂಗೂ ಇಲ್ಲ. ಆದರೂ ಆಗ ನನಗೆ ಭಯವಾಗಲಿಲ್ಲ, ಹಿಗ್ಗಾಯಿತು. ಕಲ್ಲಿನ ಬುಡ ಕೆದರುತ್ತಾ ಕೂತೆ. ಬಿಸಿಲು ನೆತ್ತಿಗೇರಿದಾಗ ಬಾಯಾರಿ, ನನ್ನ ಕೋಣೆಗೆ ಹೋಗಿ ಸದ್ದಾಗದಂತೆ ಬೀಗ ತೆಗೆದು, ಮಡಿಕೆಯಿಂದ ಒಂದು ಗ್ಲಾಸು ನೀರು ತುಂಬಿಕೊಂಡೆ. ಇನ್ನೂ ಬಾಯಿಗೆ ಇಟ್ಟಿರಲಿಲ್ಲ.

ಬಾಗಿಲ ಆಚೆ ಮಾಬವ್ವ ಕೆಮ್ಮಿದಳು.

ರಾತ್ರಿಯೆಲ್ಲ ಕೇಳಿ ಪಾಠವಾಗಿದ್ದ ಕೆಮ್ಮು ಅದು, ಕೊನೆಗೊಂದು ಸಿಳ್ಳಿನಂಥ ಎಳೆತ. ಆಮೇಲೆ ಮಾತು. "ಮಾಸ್ತರಾ, ನೀರ ಕೊಡಪಾ. ಗಂಟಲ ಒಣಗ್ಯಾದ."

ಹುಸೇನಸಾಬರು ಕಟ್ಟು ಮುರಿದು ತಾಯಿಯನ್ನು ಒಳಗೇ ಬಿಟ್ಟು ಹೋಗಿದ್ದಾರೆ ಎಂದೇ ನಾನು ತಿಳಿದೆ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಹುಟ್ಟಲಿಲ್ಲ. ಬಗ್ಗಿ ಬೆಕ್ಕಿನ ಕಿಂಡಿಯಿಂದ ಗ್ಲಾಸು ದಬ್ಬಿದ್ದರೆ ಮುಗಿಯುತ್ತಿತ್ತು. ಆದರೆ ಮುದುಕಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತದೆ, ಮಾಸ್ತರ ನಿಧಿ ಅಗೆಯಲು ಕದ್ದು ಉಳಿದಿದ್ದ ಎನ್ನುತ್ತಾರೆ, ನೌಕರಿಗೇ ಸಂಚಕಾರ ಎಂದೆಲ್ಲ ಆ ಒಂದು ಗಳಿಗೆಯಲ್ಲಿ ಲೆಕ್ಕ ಹಾಕಿದೆ. ಉಸಿರು ಬಿಗಿಹಿಡಿದು ನಿಂತೆ.

"ನಿಂತೀಯಲ್ಲಪಾ ಅಲ್ಲೇ" ಎಂದಳು ಮತ್ತೆ. "ಯಾಕ ಕೊಡವಲ್ಲಿ?"

ಗ್ಲಾಸನ್ನು ಮೆಲ್ಲಗೆ ಮಡಿಕೆಯ ಮೇಲಿಟ್ಟು, ಬೀಗ ಹಾಕಿಕೊಂಡು, ಬಂದ ದಾರಿಯಲ್ಲೇ ಹಳ್ಳಕ್ಕೆ ಇಳಿದುಬಿಟ್ಟೆ. ಅದು ದೆವ್ವವೆಂದು ಹೆದರಿ ಓಡಿದ್ದರೆ ಇಷ್ಟು ವರ್ಷ ಈ ಸಂಕಟ ಇರುತ್ತಿರಲಿಲ್ಲ. ಮಾಬವ್ವನೇ ಎಂದು ಪೂರಾ ನಂಬಿ, ನೀರು ಕೊಡದೆ ಬಂದವನು ನಾನು.

ಹಳ್ಳದ ಜಾಲಿ ನೆರಳಲ್ಲಿ ಹೊತ್ತು ಕಳೆದು, ಸಂಜೆ ಬಸ್ಸು ಬರುವ ಹೊತ್ತಿಗೆ ರಸ್ತೆಯಿಂದ ಬಂದವನ ಹಾಗೆ ಹೊಲದ ಕಡೆ ನಡೆದೆ. ಬೇವಿನ ಮರದ ಕೆಳಗೆ ಜನ ಗುಂಪಾಗಿದ್ದರು. ನಡುವೆ ಕೌದಿಯ ಮೇಲೆ ಮಾಬವ್ವ ಮಲಗಿದ್ದಳು. ನಾನು ಗುಂಪಿನ ಅಂಚಿನಲ್ಲೇ ನಿಂತುಬಿಟ್ಟೆ.

ಹುಸೇನಸಾಬರು ಎದ್ದು ಬಂದು ನನ್ನ ಕೈ ಹಿಡಿದರು. "ಛಲೋ ಆತು ಬರ್ರಿ ಮಾಸ್ತರ್ರ. ಮುಂಜಾನಿ ಗಾಡ್ಯಾಗ ಮಲಗಿಸ್ಕಂಡು ಬಂದೀವಿ, ಆರಾಮ ಇದ್ಲು. ಮಟಮಟ ಮಧ್ಯಾಹ್ನದಿಂದ ನೀರು ಬಾಯಿಗಿ ಹಿಡದ್ರ ಮಾರಿ ತಿರವ್ತಾಳ. 'ಮಾಸ್ತರ ಗ್ಲಾಸ ತುಂಬಿ ಹಿಡ್ಕಂಡು ಬಾಗಲದಾಗ ನಿಂತಾನ, ಅವ ಕೊಡ್ತಾನ ತಡ್ರಿ' ಅಂತಾಳ. ಅವ್ರು ರಾಯಚೂರಿಗಿ ಹೋಗ್ಯಾರ ಅಂದ್ರ ಕೇಳವಲ್ಲಳ್ರಿ."

ಯಾರೋ ನನ್ನ ಕೈಗೆ ನೀರಿನ ಲೋಟ ಕೊಟ್ಟರು. "ನಿಮ್ಮ ಕೈಲೆ ಕುಡೀತಾಳ, ಕೊಡ್ರಿ" ಎಂದು ಹೆಂಗಸರೆಲ್ಲ ಅವಸರ ಮಾಡಿದರು. ನಾನು ಮಂಡಿಯೂರಿ ಲೋಟವನ್ನು ಅವಳ ತುಟಿಯ ಹತ್ತಿರ ಒಯ್ದೆ. ಮಾಬವ್ವ ಕಣ್ಣು ಬಿಟ್ಟು ನನ್ನನ್ನು ಚೆನ್ನಾಗಿ ನೋಡಿದಳು. ಸಿಟ್ಟಿರಲಿಲ್ಲ.

"ಈಗ ಬ್ಯಾಡಪಾ" ಎಂದಳು.

ಊರಿಗೆ ಗಾಡಿಗಳು ತಿರುಗುವಾಗ ಹಳ್ಳದ ಹತ್ತಿರ ಅವಳ ಉಸಿರು ನಿಂತಿತು. ಕೊನೆಯ ತನಕ ನೀರು ಮುಟ್ಟಲಿಲ್ಲ.

ನಾನು ಕೇಳಿದ ದನಿ ಯಾರದು? ಬಿಸಿಲಿಗೆ ತಲೆ ಕೆಟ್ಟು ನಾನೇ ಕಲ್ಪಿಸಿಕೊಂಡೆ ಎನ್ನೋಣ. ಹಾಗಾದರೆ ನನ್ನ ಕೈಯಲ್ಲಿದ್ದ ಗ್ಲಾಸು ಹೊಲದಲ್ಲಿ ಮಲಗಿದವಳಿಗೆ ಕಂಡದ್ದು ಹೇಗೆ? ಹಿಂದೆ ಒಳಗೆ ಬಿಟ್ಟುಹೋದವರ ದನಿ ಎನ್ನೋಣವೆಂದರೆ, ಅವರಿಗೆ ಮಾಬವ್ವನ ಕೆಮ್ಮು ಯಾಕೆ? ಎಷ್ಟು ತಿರುವಿ ಹಾಕಿದರೂ ಬಗೆಹರಿಯುವುದಿಲ್ಲ. ಊರಿನ ಇತಿಹಾಸ ಬರೆಯುವ ಹುಕಿ ಮಾತ್ರ ಅಲ್ಲಿಗೇ ಇಳಿಯಿತು.

ಎಂಬತ್ತರ ದಶಕದಲ್ಲಿ ನಾನು ಮಾನ್ವಿಗೆ ವರ್ಗ ಮಾಡಿಸಿಕೊಂಡೆ. ಹುಸೇನಸಾಬರು ವ್ಯಾಪಾರಕ್ಕೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದರು. "ನಮ್ಮವ್ವಗ ಕಡೀತನಕ ಮಾಸ್ತರ್ದೇ ಧ್ಯಾಸ ಇತ್ರಿ" ಎಂದು ನನ್ನ ಹೆಂಡತಿಯ ಮುಂದೆ ಹೆಮ್ಮೆಯಿಂದ ಹೇಳುತ್ತಿದ್ದರು. ಒಂದು ಸಲ, ಅವಳು ಚಹಾ ತರಲು ಒಳಗೆ ಹೋದಾಗ, ದನಿ ತಗ್ಗಿಸಿ ಕೇಳಿದರು.

"ತಪ್ಪು ತಿಳಕೋಬ್ಯಾಡ್ರಿ ಮಾಸ್ತರ್ರ. ಅವತ್ತು ನೀವು ರಾಯಚೂರಾಗ ಇದ್ರಿ ಹೌದಲ್ರಿ?"

ಹೇಳಿಬಿಡಬಹುದಾಗಿತ್ತು. ಅವರ ಮುಖದಲ್ಲಿ ತಪ್ಪು ಹುಡುಕುವ ಸಿಟ್ಟಿರಲಿಲ್ಲ, ತಾಯಿಯ ಕೊನೆಯ ಮಾತು ನಿಜವೋ ಸುಳ್ಳೋ ತಿಳಿಯುವ ಆಸೆ ಇತ್ತು.

"ಹೌದು" ಎಂದೆ.

"ಹಂಗಾದ್ರ ನಮ್ಮವ್ವಗ ಭ್ರಮಿ ಆಗಿತ್ತು ಬಿಡ್ರಿ" ಎಂದು ಹುಸೇನಸಾಬರು ಉಸಿರುಬಿಟ್ಟು, ಚಹಾ ಕುಡಿದು ಬಸ್ಸಿಗೆ ಹೋದರು.