ಬೆಳಕಿಗೆ ಅಡ್ಡ ನಿಲ್ಲಬಾರದು

ಅಸುನ್ಸಿಯೋನ್ ನಗರದ ನದಿ ಮಾಪನ ಕಚೇರಿಯಲ್ಲಿ ಇಂದಲೆಸಿಯೊ ಗಾವಿಲಾನ್ ಎಂಬ ಮಹಾರಥಿಯಿದ್ದ. ಅವನ ರಥವೆಂದರೆ ಒಂದು ಗಾಲಿ ಕಿತ್ತುಹೋದ ಕುರ್ಚಿ; ಆಯುಧವೆಂದರೆ ಕಂಪ್ಯೂಟರಿನ ಮೌಸು. ಸರ್ಕಾರ ಅವನನ್ನು ನೇಮಿಸಿಕೊಂಡದ್ದು ಅವನ ಹುಟ್ಟೂರು ಪಿಲಾರ್‌ನ ದಂಡೆಯಲ್ಲಿ ಕೂತು ನದಿಯ ನೀರಿನ ಮಟ್ಟ ನೋಡುವುದಕ್ಕೆ. ಆದರೆ ತರಬೇತಿಗೆಂದು ರಾಜಧಾನಿಗೆ ಬಂದವನು, ಅಂದಿನ ನಿರ್ದೇಶಕರ ಸ್ಲೈಡುಗಳ ತುಂಬ ಅಕ್ಷರಗಳು ಇರುವೆಗಳಂತೆ ಮುತ್ತಿದ್ದುದನ್ನು ಕಂಡ. ಸುಮ್ಮನಿರಲಾರದೆ ಅದೇ ಇರುವೆಯನ್ನು ಮೈಮೇಲೆ ಬಿಟ್ಟುಕೊಂಡ. "ಸರ್, ಇದನ್ನ ಸ್ವಲ್ಪ ಸರಿ ಮಾಡಿಕೊಡ್ಲಾ?" ಎಂದ.

ಆ ಒಂದು ಮಾತಿಗೆ ಹತ್ತು ಹನ್ನೆರಡು ವರ್ಷಗಳ ಸೆರೆವಾಸ. ನಿರ್ದೇಶಕರು ಬಂದರು, ಹೋದರು. "ಇದೊಂದು ಮುಗೀಲಿ, ನಿನ್ನನ್ನ ಪಿಲಾರ್‌ಗೆ ಕಳಿಸ್ತೀನಿ" ಎನ್ನುವುದು ಅವರೆಲ್ಲರ ಕುಲಮಂತ್ರ. ಇವನೂ ಪ್ರತಿಯೊಬ್ಬರಿಗೂ ದೀಕ್ಷೆ ಕೊಟ್ಟ: ಒಂದು ಸ್ಲೈಡಿಗೆ ಒಂದೇ ಮಾತು, ಪರದೆ ಓದಬೇಡಿ, ಎದುರಿಗಿರುವವರ ಮುಖ ನೋಡಿ, ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಲ್ಲಬೇಡಿ. ಶಿಷ್ಯರು ಬೆಳಗಿದಷ್ಟೂ ಗುರುವಿನ ಕೋಣೆಗೆ ಬೀಗ ಬಿಗಿಯಾಯಿತು.

ಈಗಿನ ನಿರ್ದೇಶಕರು ಡಾಕ್ಟರ್ ಅಯಾಲಾ. ರೋಗಿಯ ನಾಡಿ ಹಿಡಿದವರಲ್ಲ. ಕಾನೂನು ಓದಿದವರಿಗೂ ಅಲ್ಲಿ ಡಾಕ್ಟರೆಂದೇ ಹೆಸರು. ಆ ತಿಂಗಳು ಪಿಲಾರ್‌ನಲ್ಲಿ ನೀರು ನೋಡುತ್ತಿದ್ದ ಮುದುಕ ನಿವೃತ್ತನಾದ. ಅವನ ಜಾಗಕ್ಕೆ ಯಾರು ಎಂದು ಶುಕ್ರವಾರದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಈ ಸಲ ತಪ್ಪಿದರೆ ಮುಂದಿನವನು ಮುದುಕನಾಗುವವರೆಗೂ ಕಾಯಬೇಕು.

ಪಕ್ಕದ ಮೇಜಿನ ಗುಮಾಸ್ತೆ ಸುನಿಲ್ದಾ ತಣ್ಣನೆಯ ತೆರೆರೆ ಕಷಾಯ ತುಂಬಿದ ಕೊಂಬಿನ ಬಟ್ಟಲನ್ನು ಅವನ ಕೈಗಿಡುತ್ತಾ ಉಪಾಯ ಹೇಳಿದಳು. "ಗುರುವಾರ ಡಾಕ್ಟರು ಮಂತ್ರಿಗಳ ಮುಂದೆ ಮಾತಾಡ್ತಾರಲ್ಲ, ಆ ಸ್ಲೈಡು ಕೆಡಿಸಿಬಿಡು. ಒಂದೇ ಒಂದು ಸಲ ಅವರ ಮಾನ ಕಳಿ. ಅವರೇ ನಿನ್ನ ಕತ್ತು ಹಿಡಿದು ನದಿಗೆ ತಳ್ತಾರೆ."

ಮಹಾರಥಿ ಹಲ್ಲು ಕಚ್ಚಿ ಕೂತ. ಹಳದಿ ನೆಲದ ಮೇಲೆ ಗುಲಾಬಿ ಅಕ್ಷರ ಸುರಿದ. ಸ್ಲೈಡಿನಲ್ಲೆಲ್ಲ ಮೀನು ಕುಣಿಸಿ ಎಲ್ಲರ ಬೈಗುಳ ತಿನ್ನುವ ಕಿರಿಯ ನೌಕರ ರೊಲೋನ್‌ನಿಂದ ಎರವಲು ತಂದು ಅದೇ ಮೀನು ಬಿಟ್ಟ. ಸರ್ಕಾರಿ ಲಾಂಛನವನ್ನು ಕುಡುಕನಂತೆ ವಾಲಿಸಿದ. ದೂರ ಸರಿದು ನೋಡಿದ. ಲಾಂಛನವನ್ನಷ್ಟೇ ನೆಟ್ಟಗೆ ಮಾಡೋಣವೆಂದುಕೊಂಡ. ಆಮೇಲೆ ಮೀನಿನ ಕುಣಿತ ನಿಲ್ಲಿಸಿದ. ಊಟದ ಹೊತ್ತಿಗೆ ಅದು ಅವನ ಜನ್ಮದಲ್ಲೇ ಶ್ರೇಷ್ಠವಾದ ಕೃತಿಯಾಗಿತ್ತು. ಗುರುವಾರ ಮಂತ್ರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಹಾಳಾಗೋಕೂ ಯೋಗ್ಯತೆ ಬೇಕು ಕಣೋ, ನಿನಗದಿಲ್ಲ" ಎಂದಳು ಸುನಿಲ್ದಾ. "ಇನ್ನು ಉಳಿದಿರೋದು ಒಂದೇ. ನಿನ್ನ ಮಾತನ್ನ ನೀನೇ ನಿಂತು ಹೇಳು."

ಊರಿಗೆಲ್ಲ ಬಾಯಿ ಕೊಟ್ಟವನು ತಾನೊಂದು ದಿನವೂ ಪರದೆಯ ಮುಂದೆ ನಿಂತವನಲ್ಲ. ಶುಕ್ರವಾರ, ಸಭೆಯ ಕೊನೆಯಲ್ಲಿ, ಬೆವರುತ್ತಾ ನಿಂತ. ಒಂದೇ ಸ್ಲೈಡು: ನದಿಯ ದಂಡೆ, ಅಳತೆಯ ಕಂಬ, ಮರದಡಿ ಒಂದು ಖಾಲಿ ಸ್ಟೂಲು.

"ನೀರು ಏರೋದು ಕಣ್ಣಿಗೆ ಕಾಣ್ಸಲ್ಲ ಸರ್" ಎಂದ. "ಮನೆ ಖಾಲಿ ಮಾಡ್ಬೇಕೋ ಬೇಡ್ವೋ ಅಂತ ನಮ್ಮಮ್ಮ ಆ ಸ್ಟೂಲ್ ಮೇಲೆ ಕೂತಿರೋನ ಮುಖ ನೋಡಿ ಹೇಳೋಳು. ಅವನು ನಗ್ತಿದ್ರೆ ಒಲೆ ಹಚ್ಚೋಳು. ಸುಮ್ನಿದ್ರೆ ಕೋಳಿಗಳನ್ನ ಬುಟ್ಟಿಗೆ ತುಂಬೋಳು. ಆ ಮುಖ ನಂದಾಗ್ಲಿ ಅಂತಲೇ ನಾನು ಈ ನೌಕರಿಗೆ ಸೇರಿದ್ದು. ಇವತ್ತು ಅಲ್ಲಿ ಯಾರೂ ಕೂತಿಲ್ಲ."

ಡಾಕ್ಟರ್ ಅಯಾಲಾ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು; ಎದ್ದು ಬಂದು ಅವನನ್ನು ತಬ್ಬಿಕೊಂಡರು. ಗೆದ್ದೆ ಎಂದುಕೊಂಡ ಇಂದಲೆಸಿಯೊ.

"ಅಯ್ಯೋ ಮಾರಾಯ, ನೀನು ಬರೀ ಸ್ಲೈಡು ಮಾಡ್ತೀಯ ಅಂದ್ಕೊಂಡಿದ್ದೆ, ಮಾತೂ ಆಡ್ತೀಯಲ್ಲೋ!" ಎಂದರು ಡಾಕ್ಟರು. "ಇಂಥ ರತ್ನಾನ ನದೀ ದಂಡೇಲಿ ಬಿಸಾಕೋಕೆ ನನಗೇನು ಹುಚ್ಚಾ? ಸೋಮವಾರದಿಂದ ಎಲ್ಲಾ ಕಚೇರಿಗಳಿಗೂ ನೀನೇ ಪಾಠ ಹೇಳ್ಬೇಕು."

"ಪಿಲಾರ್‌ಗೆ, ಸರ್?"

"ರೊಲೋನ್ ಇದಾನಲ್ಲ. ಮೀನು ಕುಣಿಸೋದು ಬಿಟ್ಟು ಅವನಿಗೇನು ಬರುತ್ತೆ? ಅವನೇ ಹೋಗ್ಲಿ."

ಎಲ್ಲರೂ ಬಿಸಿ ಚಿಪಾ ರೊಟ್ಟಿ ತಿನ್ನಲು ಎದ್ದರು. ವೈರು ಸುತ್ತಲೆಂದು ಇಂದಲೆಸಿಯೊ ಪರದೆಯ ಮುಂದೆ ಬಂದಾಗ ಅವನ ನೆರಳು ಸ್ಟೂಲಿನ ಪಕ್ಕಕ್ಕೇ ಬಿತ್ತು. ಒಂದು ಹೆಜ್ಜೆ ಸರಿದು ಮೊಣಕಾಲು ಬಗ್ಗಿಸಿದ. ನೆರಳು ಅದರ ಮೇಲೆ ಸರಿಯಾಗಿ ಕೂತಿತು.

"ಬೆಳಕಿಗೆ ಅಡ್ಡ ಬಂದ್ರಲ್ಲಾ ಗುರುಗಳೇ!" ಎಂದಳು ಬಾಗಿಲಲ್ಲಿ ನಿಂತಿದ್ದ ಸುನಿಲ್ದಾ.

"ಇರು, ನೀರು ನೋಡ್ತಿದ್ದೀನಿ."

"ಏರ್ತಾ ಇದೆಯಾ?"

"ಕುತ್ತಿಗೆವರೆಗೂ ಬಂದಿದೆ" ಎಂದ. ಅಷ್ಟರಲ್ಲಿ ಪರದೆಯ ಮೂಲೆಯ ಲಾಂಛನ ಕೂದಲೆಳೆಯಷ್ಟು ವಾಲಿರುವುದು ಕಣ್ಣಿಗೆ ಬಿತ್ತು. ಸ್ಟೂಲಿನಿಂದ ಎದ್ದು ಹೋಗಿ ಅದನ್ನು ನೆಟ್ಟಗೆ ಮಾಡಿದ.