ಹಳೆ ಕಾರ್ಖಾನೆಯೋ, ಹೊಸ ಕಟ್ಟಡವೋ

ಬೆಳಿಗ್ಗೆ ಡಿಪೋದಲ್ಲಿ ತನ್ನ ಟ್ರಾಮಿಗೆ ಒಂದು ಸುತ್ತು ಬಂದು, ಪ್ರತಿ ಬಾಗಿಲನ್ನೂ ಅಂಗೈಯಿಂದ ಮುಟ್ಟಿದ ಮೇಲೆಯೇ ಇಲೋನಾ ತನ್ನ ಸೀಟಿಗೆ ಹತ್ತುವುದು. ಟೊರಾಂಟೊದಲ್ಲಿ ಹದಿನೇಳು ವರ್ಷದಿಂದ ಟ್ರಾಮ್ ಓಡಿಸುತ್ತಿರುವವಳು. ಮೈ ಸುಡುವ ಜ್ವರದಲ್ಲೂ ಇದನ್ನು ತಪ್ಪಿಸಿದವಳಲ್ಲ. ಹಳಿ ಇದ್ದ ಕಡೆ ಹೋಗುವ ಕೆಲಸ, ಗೊಂದಲವೆಂದರೇನೆಂದು ಗೊತ್ತಿರಲಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಮನೆ ಕೊಳ್ಳಲು ಹೊರಟು ತಲೆ ಕೆಡಿಸಿಕೊಂಡಳು.

ಅವಳು ಬಾಡಿಗೆಗಿದ್ದ ನೆಲಮಾಳಿಗೆ ಮೇಲಿನ ಮನೆಯೊಂದಿಗೇ ಮಾರಾಟವಾಗಿತ್ತು. ತಿಂಗಳೊಳಗೆ ಖಾಲಿ ಮಾಡಬೇಕು. ಮನಸ್ಸಿಗೆ ಬಂದ ಲಾಫ್ಟ್‌ಗಳು, ಅಂದರೆ ಎತ್ತರದ ಚಾವಣಿಯ ಒಂದೇ ದೊಡ್ಡ ಕೋಣೆಯಂಥ ಮನೆಗಳು, ಎರಡು. ಒಂದು, ನೂರು ವರ್ಷದ ಒಲೆ ಕಾರ್ಖಾನೆಯನ್ನು ಮನೆಗಳಾಗಿ ಮಾಡಿದ್ದು: ತಬ್ಬಿದರೆ ಕೈಗೆ ಕೈ ಸಿಗದ ಮರದ ಕಂಬ, ಇನ್ನೂ ಮಸಿ ಹೋಗದ ಇಟ್ಟಿಗೆ ಗೋಡೆ, ಕಿಟಕಿ ಸಂದಿಯಲ್ಲಿ ಚಳಿಗಾಳಿ. ಇನ್ನೊಂದು, ಅದರಂತೆ ಕಾಣಲೆಂದು ಮೊನ್ನೆ ಮೊನ್ನೆ ಕಟ್ಟಿದ್ದು: ಎತ್ತರದ ಕಾಂಕ್ರೀಟ್ ಚಾವಣಿ, ಬೇಕೆಂದೇ ಮುಚ್ಚದೆ ಬಿಟ್ಟ ಕೊಳವೆಗಳು. ಬೆಚ್ಚಗಿತ್ತು, ಒಂದು ಸದ್ದಿಲ್ಲ.

"ಹೊಸದು ತಗೊಳ್ಳೇ," ಎಂದಳು ದಲ್ಲಾಳಿಯಾಗಿ ಮನೆಗಳನ್ನು ತೋರಿಸುತ್ತಿದ್ದ ಶಾಲೆಯ ಗೆಳತಿ ಫರ್ನಾಂಡಾ. "ಹಳೇದ್ರಲ್ಲಿ ಯಾವಾಗ ಏನು ರಿಪೇರಿ ಬರುತ್ತೋ!"

"ಹೋದ ವಾರ ನೀನೇ ಹಳೇದು ಅಂದ್ಯಲ್ಲ?"

"ಅಂಥಾದ್ದು ಇನ್ಮೇಲೆ ಯಾರೂ ಕಟ್ಟಲ್ಲ ಅಂದೆ. ಅದೂ ನಿಜ, ಇದೂ ನಿಜ."

"ನಿನ್ ಹತ್ರ ಇನ್ನೆಷ್ಟು ನಿಜ ಇದೆ, ಒಂದೇ ಸಲ ಹೇಳ್ಬಿಡು ತಾಯಿ."

ಭಾನುವಾರ ಇಲೋನಾ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿ, ದಾರಿ ತೋರಿಸೆಂದು ಕೇಳಿಕೊಂಡಳು. ಮನಸ್ಸು ಇನ್ನಷ್ಟು ಕಲಕಿತೇ ಹೊರತು ತಿಳಿಯಾಗಲಿಲ್ಲ. ಬುಧವಾರ ಸಂಜೆ ಐದರೊಳಗೆ ಯಾವ ಮನೆಯೆಂದು ಹೇಳಬೇಕು.

ಬುಧವಾರ ಮೂರು ಗಂಟೆಗೆ ಹಳೆಯದನ್ನು ಮತ್ತೊಮ್ಮೆ ನೋಡಲು ಹೋದರು. ಮರದ ಚಾವಣಿಯ ಮೇಲೆ ಯಾರೋ ಧಪಧಪ ನಡೆದರು, ಕುರ್ಚಿ ಎಳೆದರು. ಫರ್ನಾಂಡಾಳ ಮುಖ ಸಪ್ಪಗಾಯಿತು. ಇಲೋನಾ ಕತ್ತೆತ್ತಿ ನಿಂತೇ ಬಿಟ್ಟಳು. ನೆಲಮಾಳಿಗೆಯಲ್ಲಿ ಅಷ್ಟು ವರ್ಷ ಒಂಟಿಯಾಗಿದ್ದವಳು ಮನೆಯೊಡತಿಯ ಓಡಾಟ ಮೇಲೆ ಕೇಳಿಸಿದಾಗಲೇ, ಜೊತೆಗೊಬ್ಬರಿದ್ದಂತೆ, ಊಟಕ್ಕೆ ಕೂರುತ್ತಿದ್ದಳು. ಹೊಸ ಕಟ್ಟಡದ ನಿಶ್ಶಬ್ದ ಯಾಕೆ ಹಿಡಿಸಿರಲಿಲ್ಲವೆಂದು ಈಗ ಹೊಳೆಯಿತು. ಆದರೂ, ಸದ್ದಿಗೋಸ್ಕರ ಯಾರಾದರೂ ಮನೆ ಕೊಳ್ಳುತ್ತಾರೆಯೇ?

ಹೊರಗೆ ಮೆಟ್ಟಿಲಲ್ಲಿ ಕೋಲೂರಿಕೊಂಡು ಒಬ್ಬ ಭಾರಿ ಮೈಯ ಮುದುಕ ಇಳಿದು ಬಂದ. ಮೇಲ್ಮನೆಯ ಗ್ಲ್ಯಾಡ್ವಿನ್.

"ಆನೆ ಸಾಕಿದಾನೆ ಅನ್ಕೊಂಡ್ರೇನಮ್ಮ? ನನ್ ಕಾಲೇ ಅದು. ಹಿಂದೆ ಇದ್ದವರು ಪೊರಕೆ ಕೋಲಲ್ಲಿ ಕೆಳಗಿಂದ ಚಾವಣಿಗೆ ಗುದ್ದೋರು. ನೀವು ಬರೋದಾದ್ರೆ ನನ್ ಖರ್ಚಲ್ಲೇ ದಪ್ಪ ಕಾರ್ಪೆಟ್ ಹಾಸಿಸ್ತೀನಿ."

"ಇವತ್ತೇ ಹಾಸಿಸಿ ಸ್ವಾಮಿ!" ಎಂದಳು ಫರ್ನಾಂಡಾ.

"ನೀನು ಕಾಗದ ತೆಗಿ, ಸಹಿ ಹಾಕ್ತೀನಿ," ಎಂದು ಅವಳಿಗೆ ಹೇಳಿ, ಇಲೋನಾ ಮುದುಕನ ಕಡೆ ತಿರುಗಿದಳು. "ಕಾರ್ಪೆಟ್ ಬೇಡ ಯಜಮಾನ್ರೇ. ನೀವು ನಡೆಯೋ ಹಾಗೇ ನಡೀರಿ."